ನಾಲ್ಕುನಾಡು ಅರಮನೆಯ ಭಿತ್ತಿಚಿತ್ರಗಳು

ಹಾಲೇರಿ ವಂಶದ ವೀರಶೈವ ಅರಸರ ಕಟ್ಟಡಗಳನ್ನು ಕುರಿತು ಬರೆಯುವವರ ಗಮನವು ಸಾಮಾನ್ಯವಾಗಿ ಮಡಿಕೇರಿಯ ಕೋಟೆ, ಓಂಕಾರೇಶ್ವರ ದೇವಾಲಯ ಹಾಗೂ ಗದ್ದಿಗೆಗಳಲ್ಲಿಯೇ ನಿಂತುಬಿಡುತ್ತದೆ. ಕಕ್ಕಬ್ಬೆಯ ಸಮೀಪ, ತಡಿಯಂಡಮೋಳ್ ಬೆಟ್ಟದ ಅಡಿಯಲ್ಲಿರುವ ನಾಲ್ಕುನಾಡು ಅರಮನೆ ಅವುಗಳಷ್ಟು ಭವ್ಯವಲ್ಲ. ಆದರೆ ಒಂದು ನಾಡು ತನ್ನ ಚರಿತ್ರೆಯನ್ನು ಗೋಡೆಯ ಮೇಲೆ ಬರೆದಾಗ ಅಲ್ಲಿ ಯಾರು ಕಾಣಿಸುತ್ತಾರೆ ಎಂಬ ಪ್ರಶ್ನೆಗೆ ಅದೇ ತಕ್ಕ ಸ್ಥಳ.

ದೊಡ್ಡವೀರರಾಜೇಂದ್ರನು 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದವನು. 1792ರಿಂದ 1794ರ ಅವಧಿಯಲ್ಲಿ ಕಾಡಿನ ನಡುವೆ ಈ ಅರಮನೆ ಎದ್ದುದು ಆಪತ್ಕಾಲದ ಆಶ್ರಯಕ್ಕಾಗಿ. ಅಡಗುವುದಕ್ಕೆಂದು ಕಟ್ಟಿದ ಮನೆಗೆ ಕೆತ್ತನೆಯ ಮರಗಂಬಗಳೇಕೆ? ಗೋಡೆಗೂ ಮೇಲ್ಛಾವಣಿಗೂ ಬಣ್ಣವೇಕೆ? ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ಟಿಪ್ಪು 1780ರ ಪೊಲ್ಲಿಲೂರಿನ ಜಯವನ್ನು ಬರೆಸಿದುದರ ಉದ್ದೇಶ ಸ್ಪಷ್ಟ. ಬಂದು ಹೋಗುವವರೆಲ್ಲರೂ ಅದನ್ನು ನೋಡಬೇಕು. ಇಲ್ಲಿ ನೋಡುವವರೇ ವಿರಳ. ಸೆರೆಯಲ್ಲಿ ರಾಜ್ಯವನ್ನು ಕಳೆದುಕೊಂಡಿದ್ದವನು ತನ್ನ ಅರಸುತನವನ್ನು ಮೊದಲು ತನಗೇ ದೃಢಪಡಿಸಿಕೊಳ್ಳುತ್ತಿದ್ದನೆಂದು ನನಗೆ ತೋರುತ್ತದೆ. ಮುಂದೆ 1808ರಲ್ಲಿ ತನ್ನ ವಂಶದ ವೃತ್ತಾಂತವನ್ನು 'ರಾಜೇಂದ್ರನಾಮೆ'ಯಾಗಿ ಬರೆಯಿಸಿದವನೂ ಆತನೇ ಎಂಬುದನ್ನು ಇದರೊಡನೆ ಇಟ್ಟು ನೋಡಬೇಕು.

ಕಲೆಯ ದೃಷ್ಟಿಯಿಂದ ಈ ಚಿತ್ರಗಳನ್ನು ಅತಿಯಾಗಿ ಹೊಗಳಬೇಕಾಗಿಲ್ಲ. ಅವುಗಳ ಬೆಲೆ ಇರುವುದು ಸ್ಥಳದೊಡನೆ ಅವಕ್ಕಿರುವ ಸಂಬಂಧದಲ್ಲಿ: ಒಳಗೆ ಮೆರವಣಿಗೆಯ ಆನೆ, ಹೊರಗೆ ಅದೇ ಆನೆಯ ಕಾಡು. ಆದರೂ ಇದು ಅರಸನ ಭಿತ್ತಿ, ಊರಿನ ಭಿತ್ತಿಯಲ್ಲ. ಗದ್ದೆಯಲ್ಲಿ ನಾಟಿ ನೆಟ್ಟ ಎರವರಿಗೂ ಬೆಟ್ಟದ ಕುಡಿಯರಿಗೂ ಅದು ತಮ್ಮ ಕಥೆಯೆನಿಸಿರಲಾರದು. ಇಂದು ಶಾಲೆ, ಕಚೇರಿಗಳ ಗೋಡೆಗಳ ಮೇಲೆ ನಾಡಿನ ಚರಿತ್ರೆ, ನಿಸರ್ಗಗಳನ್ನು ಬಿಡಿಸುವ ಪರಿಪಾಠ ಎಲ್ಲೆಡೆ ಬೆಳೆದಿದೆ. ಅರಸನ ಭಿತ್ತಿಯ ಈ ಕೊರತೆಯನ್ನು ಅವು ತುಂಬಬೇಕಾಗಿತ್ತು. ಕೊಡಗನ್ನು ಚಿತ್ರಿಸುವವರು ಬೆಟ್ಟವನ್ನು ಬರಿಯ ಹಸಿರು ಹಿನ್ನೆಲೆಯಾಗಿ ಬರೆದು ಕೈತೊಳೆದುಕೊಂಡರೆ, 2018ರ ಆಗಸ್ಟಿನಲ್ಲಿ ಅದೇ ಬೆಟ್ಟ ಕುಸಿದು ಮನೆ ಕಳೆದುಕೊಂಡವರು ಆ ಚಿತ್ರವನ್ನು ನಂಬುವರೇ?

1834ರಲ್ಲಿ ಇಂಗ್ಲಿಷರ ಸೈನ್ಯ ಬಂದಾಗ ಚಿಕವೀರರಾಜೇಂದ್ರನು ಶರಣಾಗುವ ಮುನ್ನ ಆಶ್ರಯ ಪಡೆದುದೂ ಈ ಮನೆಯಲ್ಲಿಯೇ. ಗೋಡೆಯ ವೈಭವದ ನಡುವೆ ವಂಶದ ಕೊನೆಯ ಅರಸನು ಕುಳಿತಿದ್ದನೆಂಬ ಸಂಗತಿಯನ್ನು ಯಾವ ಚಿತ್ರಕಾರನೂ ಬರೆಯಲಿಲ್ಲ. ಅದರ ಬದಲು ಪ್ರೇಕ್ಷಕರು ತಮ್ಮ ಹೆಸರುಗಳನ್ನು ಗೀಚಿದ್ದಾರೆ. ಬಣ್ಣ ಮಾಸಿದೆ, ಗಾರೆ ಉದುರಿದೆ. ಹೊಸ ಬಣ್ಣ ಬಳಿಯುವ ಉತ್ಸಾಹಕ್ಕೆ ಮೊದಲು, ಉಳಿದಿರುವ ಪ್ರತಿಯೊಂದು ಅಂಕಣದ ಅಳತೆ ಹಿಡಿದು ಪ್ರತಿಚಿತ್ರ ಮಾಡಿಡುವ ಕೆಲಸ ನಡೆಯಬೇಕು.