ಫುಲ್ ಚಾರ್ಜಿನ ಗತ್ತು

48 ವೋಲ್ಟಿನ ಬ್ಯಾಟರಿ ಅನ್ನುತ್ತಾರಲ್ಲ, ಅದು ಸರಿಯಾಗಿ 48 ವೋಲ್ಟ್ ಇರುವುದು ದಾರಿಯಲ್ಲೆಲ್ಲೋ ಒಂದು ಗಳಿಗೆ. ಒಳಗಿರುವುದು ಸರಣಿಯಲ್ಲಿ ಜೋಡಿಸಿದ 13 ಲಿಥಿಯಂ ಸೆಲ್ಲುಗಳು. ತುಂಬಿದಾಗ ಒಂದೊಂದೂ 4.2 ವೋಲ್ಟ್, ಒಟ್ಟು 54.6. ಬರಿದಾಗುವ ಹೊತ್ತಿಗೆ ಸೆಲ್ಲಿಗೆ ಮೂರರ ಆಸುಪಾಸು, ಒಟ್ಟು 39. ಇ-ಸೈಕಲ್ಲಿನ ರುಚಿ ತಿಳಿಯಬೇಕಾದರೆ ಈ ಹದಿನೈದು ವೋಲ್ಟಿನ ಇಳಿತವನ್ನು ಸವಿಯುತ್ತಾ ಹೋಗಬೇಕು.

ಇದರಲ್ಲಿ ನನಗೆ ಅತಿ ಸೊಗಸೆನಿಸುವುದು ಮೋಟಾರಿನ ನಡವಳಿಕೆ. ತಿರುಗತೊಡಗಿದೊಡನೆ ಅದು ತಾನೇ ಡೈನಮೊ ಆಗಿ ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ವೇಗ ಏರಿದಷ್ಟೂ ಎದುರೂ ಏರುತ್ತದೆ. ಅದು ಬ್ಯಾಟರಿಯ ವೋಲ್ಟೇಜಿನ ಹತ್ತಿರ ಬಂತೆಂದರೆ ಕರೆಂಟು ಒಳನುಗ್ಗಲು ಎಡೆಯಿಲ್ಲ; ವೇಗ ಅಲ್ಲಿಗೆ ನಿಂತಿತು. ದೂಡುವ ಬಲ ಆಂಪಿಯರಿನದು, ಆ ಬಲ ಯಾವ ವೇಗದವರೆಗೆ ಉಳಿದೀತು ಎನ್ನುವುದು ವೋಲ್ಟಿನದು. ಹಿಂದಿನ ಚಕ್ರ ಎತ್ತಿ ಹಿಡಿದು ಥ್ರಾಟಲ್ ಪೂರ್ತಿ ತಿರುವಿದರೆ, ಬರಿದಾದ ಬ್ಯಾಟರಿಯಲ್ಲಿ ಚಕ್ರದ ವೇಗ ಕಾಲು ಭಾಗಕ್ಕೂ ಹೆಚ್ಚು ಕುಗ್ಗಿರುತ್ತದೆ. ವೇಗಮಿತಿ ಹಾಕದ ಮೋಟಾರಿನ ಮಾತು ಇದು.

ನಮ್ಮಲ್ಲಿ ನೋಂದಣಿ ಬೇಡದ ಗಾಡಿಗೆ 250 ವ್ಯಾಟ್, ಗಂಟೆಗೆ 25 ಕಿ.ಮೀ. ಎಂಬ ಮಿತಿ ಇದೆ. ಹಾಗಾದರೆ ಹೆಚ್ಚು ವೋಲ್ಟು ಯಾಕೆ? ಅದೇ ಸುತ್ತಿನ ಮೋಟಾರಿಗೆ 36 ವೋಲ್ಟ್ ಕೊಟ್ಟರೆ 22ರ ವೇಗಕ್ಕೇ ಎಳೆತ ಸಡಿಲವಾದೀತು. 48ರಲ್ಲಿ ಮಿತಿ ಮುಟ್ಟುವವರೆಗೂ ಪಿಕಪ್ ಬಿಗಿಯಾಗಿರುತ್ತದೆ. ಮೇಲಾಗಿ ಅಷ್ಟೇ ಶಕ್ತಿಗೆ ಕಡಿಮೆ ಆಂಪಿಯರ್ ಸಾಕು, ವೈರು ಬಿಸಿಯಾಗುವುದೂ ಕಡಿಮೆ.

ಚಾಮುಂಡಿ ಬೆಟ್ಟದಂಥ ಏರಿನಲ್ಲಿ ಹ್ಯಾಂಡಲ್ ಮೇಲಿನ ಅಂಕಿಯನ್ನು ಒಮ್ಮೆ ಗಮನಿಸಿ. ಥ್ರಾಟಲ್ ಕೊಟ್ಟೊಡನೆ 51 ಇದ್ದದ್ದು 48ಕ್ಕೆ ಕುಸಿಯುತ್ತದೆ, ಮೋಟಾರಿನ ಗುಂಯ್‌ಗುಡುವ ದನಿ ಒಂದು ಸ್ವರ ತಗ್ಗುತ್ತದೆ. ಕೈ ಸಡಿಲಿಸಿದರೆ, ಮೆಟ್ಟಿಲ ಮೇಲೆ ನಿಂತು ಸುಧಾರಿಸಿಕೊಳ್ಳುವವರಂತೆ, ಅಂಕಿ ನಿಧಾನಕ್ಕೆ ಐವತ್ತು ದಾಟುತ್ತದೆ. ಸೆಲ್ಲುಗಳ ಒಳಗಿನ ಪ್ರತಿರೋಧ ನುಂಗಿದ ವೋಲ್ಟು ಅದು. ಬ್ಯಾಟರಿ ಹಳೆಯದಾದಷ್ಟೂ ಈ ಕುಸಿತ ಆಳ.

ಫುಲ್ ಚಾರ್ಜಿನ ಮೊದಲ ಕಿಲೋಮೀಟರುಗಳನ್ನು ಹೊಗಳುವವರೇ ಜಾಸ್ತಿ. ಗತ್ತೇನೋ ಇದೆ, ಆದರೆ ಬಾಳುವುದಿಲ್ಲ. ನನ್ನ ಮೆಚ್ಚುಗೆ 49ರಿಂದ 46ರವರೆಗಿನ ದೀರ್ಘ ನಡುಪಟ್ಟಿಗೆ. ಅಲ್ಲಿ ವೋಲ್ಟೇಜು ಇಳಿಯುತ್ತಿದೆಯೆಂದು ಕಾಲಿಗೂ ತಿಳಿಯದು, ಕಿವಿಗೂ ತಿಳಿಯದು. 42 ದಾಟಿ ಇಳಿದ ಮೇಲೆ ಮಾತ್ರ ಎಲ್ಲವೂ ಸರಸರ ಜಾರುತ್ತದೆ. ಆಗ ಪೆಡಲೇ ಗತಿ.

ಈ ರುಚಿ ಹತ್ತಿದವರಿಗೆ ಇನ್ನಷ್ಟು ವೋಲ್ಟಿನ ಆಸೆ ಸಹಜ. ಬ್ಯಾಟರಿ ಬದಲಿಸುವ ಮುನ್ನ ಕಂಟ್ರೋಲರಿನೊಳಗಿನ ಕೆಪಾಸಿಟರ್ ಮೇಲೆ ಬರೆದ, ಅದು ತಾಳಬಲ್ಲ ವೋಲ್ಟಿನ ಅಂಕಿಯನ್ನು ಮೆಕ್ಯಾನಿಕ್‌ನಿಂದ ಓದಿಸಿ. 63 ಎಂದಿದ್ದರೆ 60 ವೋಲ್ಟಿನ ಬ್ಯಾಟರಿ ಬೇಡವೇ ಬೇಡ: 16 ಸೆಲ್ಲಿನ ಆ ಬ್ಯಾಟರಿ ತುಂಬಿದಾಗ 67.2 ವೋಲ್ಟ್ ಇರುತ್ತದೆ.