ಕೋಳಿಗೆ ಐದು ಹನಿ: ಒಂದು ಸಲಹೆಯ ವಿಮರ್ಶೆ

ವಿಮರ್ಶೆ ಎಂದೊಡನೆ ನಮಗೆ ಕಥೆ, ಕವನ, ಕಾದಂಬರಿಗಳು ನೆನಪಾಗುತ್ತವೆ. ಆದರೆ ಔಷಧಿ ಸೀಸೆಯ ಮೇಲಿನ ಚೀಟಿ, ಕರಪತ್ರದ ಸಾಲು, ಯಾರೋ ಹಾಳೆಯ ಮೇಲೆ ಗೀಚಿಕೊಟ್ಟ ಸಲಹೆ - ಇವೂ ಬರಹಗಳೇ. ಇವನ್ನು ಯಾರೂ ವಿಮರ್ಶಿಸುವುದಿಲ್ಲ; ಓದಿದವರು ನೇರವಾಗಿ ಕಾರ್ಯರೂಪಕ್ಕೆ ತರುತ್ತಾರೆ! ಅಂಥ ಒಂದು ಬರಹವನ್ನು ಇಲ್ಲಿ ಪರೀಕ್ಷಿಸೋಣ.

ಬರಹ ಎರಡೇ ಸಾಲಿನದು: "ಜಂತುಹುಳುವಿಗೆ ಐವರ್ಮೆಕ್ಟಿನ್. ಮರಿಗೆ ಐದು ಹನಿ, ದೊಡ್ಡ ಕೋಳಿಗೆ ಹತ್ತು ಹನಿ." ಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ ಹೀಗೊಂದು ಚೀಟಿ ಸಿಕ್ಕಿತ್ತು. ಹಿತ್ತಲಲ್ಲಿ ಇಪ್ಪತ್ತು ಕೋಳಿ ಸಾಕಿ, ಮೊಟ್ಟೆ ಮಾರಿ ಮನೆಯ ಸಣ್ಣಪುಟ್ಟ ಖರ್ಚು ತೂಗಿಸುವವಳು ಅವಳು. ಮರಿಗಳು ಮಂಕಾಗಿದ್ದವು. ಮನೆಯಲ್ಲಿ ದನಕ್ಕೆಂದು ತಂದ ಐವರ್ಮೆಕ್ಟಿನ್ ಚುಚ್ಚುಮದ್ದಿನ ಸೀಸೆ ಇತ್ತು. ಚೀಟಿಯಲ್ಲಿದ್ದ ಹೆಸರೂ ಸೀಸೆಯ ಮೇಲಿನ ಹೆಸರೂ ಒಂದೇ. ಅಕ್ಕ ಸಂಜೆ ಮೂರು ಮರಿಗಳ ಕೊಕ್ಕು ಬಿಡಿಸಿ ಐದೈದು ಹನಿ ಬಿಟ್ಟಳು. ರಾತ್ರಿ ಅವು ಕಾಲ ಮೇಲೆ ನಿಲ್ಲಲಾರದೆ ಒರಗಿದವು. ಬೆಳಗ್ಗೆ ಎರಡು ಸತ್ತಿದ್ದವು. "ಚೀಟಿಯಲ್ಲಿ ಇದ್ದ ಹಾಗೇ ಹಾಕಿದೆ ಕಣೋ, ನಾನೇನು ತಪ್ಪು ಮಾಡಿದೆ?" ಎಂದು ಫೋನಿನಲ್ಲಿ ಕೇಳಿದಳು. ಪ್ರಶ್ನೆ ನ್ಯಾಯವಾದದ್ದು. ತಪ್ಪು ಅವಳದಲ್ಲ, ಆ ಸಾಲಿನದು. ಅದು ಹೇಗೆಂದು ನೋಡೋಣ.

ಸಾಲಿನಲ್ಲಿ ಇಲ್ಲದ ಮೂರು ಸಂಖ್ಯೆಗಳು

ಯಾವುದೇ ಔಷಧಿಯ ಪ್ರಮಾಣವನ್ನು ನಿರ್ಧರಿಸಲು ಮೂರು ಸಂಖ್ಯೆಗಳು ಬೇಕು. ಒಂದು, ಪ್ರಾಣಿಯ ತೂಕ. ಎರಡು, ತೂಕದ ಪ್ರತಿ ಕಿಲೋಗ್ರಾಮಿಗೆ ಬೇಕಾದ ಔಷಧಿ ಎಷ್ಟು ಮಿಲಿಗ್ರಾಂ ಎಂಬುದು. ಮೂರು, ಸೀಸೆಯಲ್ಲಿರುವ ದ್ರವದ ಸಾರತೆ, ಅಂದರೆ ಒಂದು ಮಿಲಿಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಔಷಧಿ ಇದೆ ಎಂಬುದು. ಮೊದಲೆರಡನ್ನು ಗುಣಿಸಿ ಮೂರನೆಯದರಿಂದ ಭಾಗಿಸಿದರೆ ಎಷ್ಟು ಮಿ.ಲೀ. ಕೊಡಬೇಕೆಂಬುದು ಬರುತ್ತದೆ. ಇದಕ್ಕೆ ಏಳನೆಯ ತರಗತಿಯ ಗಣಿತ ಸಾಕು. ನಮ್ಮ ಸಾಲಿನಲ್ಲಿ ಈ ಮೂರರಲ್ಲಿ ಒಂದೂ ಇಲ್ಲ!

ಮೊದಲು ಸಾರತೆಯನ್ನು ನೋಡಿ. ದನಗಳ ಚರ್ಮದಡಿ ಕೊಡುವ ಐವರ್ಮೆಕ್ಟಿನ್ ಶೇಕಡ 1ರದು. ಹಾಗೆಂದರೆ ಒಂದು ಮಿ.ಲೀ.ಗೆ 10 ಮಿ.ಗ್ರಾಂ. ಬೆನ್ನ ಮೇಲೆ ಸುರಿಯುವ ದ್ರವ ಶೇಕಡ 0.5ರದು. ಕುರಿಗಳಿಗೆ ಕುಡಿಸುವಂಥದು ಶೇಕಡ 0.08ರದು. ಕುದುರೆಗೆ ಕೊಡುವ ಪೇಸ್ಟ್ ಶೇಕಡ 1.87ರದು. ಹೆಸರು ಒಂದೇ, ಸಾರತೆಯಲ್ಲಿ ಮಾತ್ರ ಇಪ್ಪತ್ತಮೂರು ಪಟ್ಟು ಅಂತರ. "ಐವರ್ಮೆಕ್ಟಿನ್ ಐದು ಹನಿ" ಎಂದಾಗ ಇವುಗಳಲ್ಲಿ ಯಾವುದರ ಐದು ಹನಿ?

ಈಗ ಅಕ್ಕನ ಮರಿಗಳ ಲೆಕ್ಕ ಮಾಡೋಣ. 20 ಹನಿಗೆ ಒಂದು ಮಿ.ಲೀ. ಎಂಬುದು ರೂಢಿಯ ಅಂದಾಜು. ಐದು ಹನಿ ಎಂದರೆ 0.25 ಮಿ.ಲೀ.; ಅದರಲ್ಲಿ 2.5 ಮಿ.ಗ್ರಾಂ ಔಷಧಿ. ಮರಿಯ ತೂಕ ಸುಮಾರು 200 ಗ್ರಾಂ. ಹಾಗಾದರೆ ಕಿಲೋಗ್ರಾಮಿಗೆ 12.5 ಮಿ.ಗ್ರಾಂ ಬಿತ್ತು. ಅದೇ ಸೀಸೆಯ ಚೀಟಿಯಲ್ಲಿ ದನಕ್ಕೆ ಹೇಳಿರುವುದು 50 ಕಿಲೋಗೆ 1 ಮಿ.ಲೀ., ಅಂದರೆ ಕಿಲೋಗ್ರಾಮಿಗೆ 0.2 ಮಿ.ಗ್ರಾಂ. ಮರಿಗಳಿಗೆ ಸಿಕ್ಕಿದ್ದು ಇದರ ಅರವತ್ತು ಪಟ್ಟಿಗೂ ಹೆಚ್ಚು! ಸಾವಿಗೆ ಔಷಧಿಯೊಂದೇ ಕಾರಣವೆಂದು ಶವಪರೀಕ್ಷೆಯಿಲ್ಲದೆ ಹೇಳುವುದು ವಿಜ್ಞಾನವಾಗುವುದಿಲ್ಲ. ಮರಿಗಳು ಮೊದಲೇ ಕಾಯಿಲೆ ಬಿದ್ದಿದ್ದವು. ಆದರೆ ಈ ಲೆಕ್ಕವನ್ನು ನೋಡಿದ ಮೇಲೆ ಔಷಧಿಯನ್ನು ನಿರಪರಾಧಿ ಎನ್ನುವುದೂ ಕಷ್ಟ.

ಹನಿ ಒಂದು ಅಳತೆಯೆ?

ಭೌತವಿಜ್ಞಾನದ ಪ್ರಾಧ್ಯಾಪಕನಾಗಿ ನನಗೆ 'ಹನಿ' ಎಂಬ ಪದದ ಮೇಲೆ ಬೇರೆಯೇ ತಕರಾರಿದೆ. ಹನಿಯ ಗಾತ್ರವನ್ನು ನಿರ್ಧರಿಸುವುದು ನಳಿಕೆಯ ತುದಿಯ ಅಗಲ ಮತ್ತು ದ್ರವದ ಮೇಲ್ಮೈ ಎಳೆತ. ತುದಿ ಅಗಲವಾದಷ್ಟೂ ಹನಿ ದೊಡ್ಡದು. ಮೇಲ್ಮೈ ಎಳೆತ ಕಡಿಮೆಯಾದಷ್ಟೂ ಹನಿ ಚಿಕ್ಕದು. ಎಷ್ಟೋ ಔಷಧಿಗಳನ್ನು ನೀರಿನಲ್ಲಲ್ಲ, ಬೇರೆ ದ್ರವಗಳಲ್ಲಿ ಕರಗಿಸಿರುತ್ತಾರೆ. ಆದುದರಿಂದ ಕಣ್ಣಿನ ಔಷಧಿಯ ಡ್ರಾಪರಿನ ಹನಿ, ಸೂಜಿ ತೆಗೆದ ಸಿರಿಂಜಿನ ಹನಿ, ಸೀಸೆಯ ಬಾಯಿಂದ ನೇರವಾಗಿ ಬಿಟ್ಟ ಹನಿ - ಮೂರೂ ಬೇರೆ ಬೇರೆ. ನಂಬಿಕೆಯಿಲ್ಲದಿದ್ದರೆ ಎರಡು ಬಗೆಯ ಡ್ರಾಪರುಗಳಿಂದ ಒಂದು ಮಿ.ಲೀ. ನೀರನ್ನು ಹನಿಹನಿಯಾಗಿ ಬಿಟ್ಟು ನೀವೇ ಎಣಿಸಿ ನೋಡಿ. ಇನ್ನು 'ಒಂದು ಮುಚ್ಚಳ', 'ಅರ್ಧ ಚಮಚ'ಗಳ ಬಗ್ಗೆ ಹೇಳುವುದೇ ಬೇಡ.

'ದೊಡ್ಡ ಕೋಳಿ' ಎಂಬುದೂ ಅಷ್ಟೆ. ನಾಟಿ ಹೇಂಟೆ ಒಂದೂಕಾಲು, ಒಂದೂವರೆ ಕಿಲೋ ತೂಗುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯ ಹುಂಜ ನಾಲ್ಕು ಕಿಲೋ ದಾಟಬಹುದು. ಎರಡೂ ಒಂದೇ ಹಿತ್ತಲಲ್ಲಿ ಕೆದಕುತ್ತಿರುತ್ತವೆ. ಎರಡಕ್ಕೂ ಹತ್ತು ಹನಿ ಎಂದರೆ ಒಂದಕ್ಕೆ ಹೆಚ್ಚಾಗುತ್ತದೆ, ಇಲ್ಲವೆ ಇನ್ನೊಂದಕ್ಕೆ ಕಡಿಮೆಯಾಗುತ್ತದೆ.

ಕಡಿಮೆಯಾದರೆ ನಷ್ಟವೇನು ಎಂದು ಕೇಳಬಹುದು. ಅರೆಪ್ರಮಾಣದ ಔಷಧಿಯಿಂದ ದುರ್ಬಲ ಹುಳುಗಳು ಸಾಯುತ್ತವೆ. ತಡೆದುಕೊಂಡವು ಉಳಿದು ವಂಶ ಬೆಳೆಸುತ್ತವೆ. ಟರ್ಕಿ ಕೋಳಿಗಳ ದುಂಡುಹುಳುಗಳಲ್ಲಿ ಫೆನ್‌ಬೆಂಡಜೋಲ್‌ಗೆ ನಿರೋಧ ಬೆಳೆದಿರುವುದು ಅಮೆರಿಕದಲ್ಲಿ 2019ರಲ್ಲಿ ದೃಢಪಟ್ಟಿತು. ಹೆಚ್ಚಾದರೆ ಕೋಳಿಗೆ ಅಪಾಯ, ಕಡಿಮೆಯಾದರೆ ಔಷಧಿಗೇ ಅಪಾಯ!

ನೀರಿನಲ್ಲಿ ಬೆರೆಸುವ ಸಲಹೆ

"ಇಷ್ಟು ಲೀಟರ್ ನೀರಿಗೆ ಇಷ್ಟು ಮಿ.ಲೀ. ಬೆರೆಸಿ ಕುಡಿಸಿ" ಎಂಬುದು ಇನ್ನೊಂದು ಜನಪ್ರಿಯ ಸಾಲು. ಹನಿಗಿಂತ ಇದು ವಾಸಿ. ಆದರೂ ಇದರಲ್ಲಿ ಒಂದು ಊಹೆ ಅಡಗಿದೆ. ಕೋಳಿ ದಿನಕ್ಕೆ ನಿಗದಿತ ಪ್ರಮಾಣದ ನೀರು ಕುಡಿಯುತ್ತದೆ ಎಂಬುದೇ ಆ ಊಹೆ. ವಾಸ್ತವವಾಗಿ 21 ಡಿಗ್ರಿ ಸೆ. ಉಷ್ಣತೆಯಲ್ಲಿ ಕುಡಿಯುವುದಕ್ಕಿಂತ 32 ಡಿಗ್ರಿ ದಾಟಿದಾಗ ಕೋಳಿ ಸುಮಾರು ಇಮ್ಮಡಿ ನೀರು ಕುಡಿಯಬಹುದು. ಕಲಬುರಗಿಯ ಮೇ ತಿಂಗಳಿಗೂ ಮಡಿಕೇರಿಯ ಡಿಸೆಂಬರಿಗೂ ಒಂದೇ ಬೆರಕೆ ಹೇಗೆ ಸರಿಹೋದೀತು? ಅಲ್ಲದೆ, ಕಾಯಿಲೆಯ ಕೋಳಿ ಕಡಿಮೆ ಕುಡಿಯುತ್ತದೆ. ಜೋರಿನ ಕೋಳಿ ಮೊದಲು ಬಂದು ಹೆಚ್ಚು ಕುಡಿಯುತ್ತದೆ. ಬಚ್ಚಲ ನೀರು, ಹೊಂಡದ ನೀರು ಸಿಗುವ ಹಿತ್ತಲಲ್ಲಿ ಔಷಧಿಯ ನೀರಿಗೆ ಬಾಯಿ ಹಾಕದ ಕೋಳಿಗಳೂ ಇರುತ್ತವೆ.

ಇನ್ನೊಂದು ತೊಡಕು ಕಣ್ಣಿಗೆ ಕಾಣುವಂಥದು. ಫೆನ್‌ಬೆಂಡಜೋಲ್ ನೀರಿನಲ್ಲಿ ಬಹುಮಟ್ಟಿಗೆ ಕರಗುವುದಿಲ್ಲ. ದನಕ್ಕೆ ಕುಡಿಸುವ ಬಿಳಿಯ ದ್ರವದಲ್ಲಿ ಅದು ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಅದನ್ನು ನೀರಿನ ಮಡಕೆಗೆ ಸುರಿದರೆ ಕಣಗಳು ನಿಧಾನವಾಗಿ ತಳ ಸೇರುತ್ತವೆ. ಮೇಲಿನ ನೀರು ಕುಡಿದ ಕೋಳಿಗೆ ಬರೀ ನೀರು, ತಳ ಬಳಿದ ಕೋಳಿಗೆ ಔಷಧಿಯ ಗಸಿ!

ಕೋಳಿಗಳಿಗೆಂದೇ ತಯಾರಾದ, ಕುಡಿಯುವ ನೀರಿಗೆ ಹೊಂದುವಂಥ ಫೆನ್‌ಬೆಂಡಜೋಲ್ ಹೊರದೇಶಗಳಲ್ಲಿ ಬಂದಿದೆ. ಅದರ ಚೀಟಿ ಮಾದರಿಯಾದದ್ದು: ಮಿ.ಲೀ.ಗೆ 200 ಮಿ.ಗ್ರಾಂ, ತೂಕದ ಕಿಲೋಗ್ರಾಮಿಗೆ ದಿನಕ್ಕೆ 1 ಮಿ.ಗ್ರಾಂ, ಐದು ದಿನ. ಮೂರು ಸಂಖ್ಯೆಗಳ ಪೈಕಿ ಎರಡು ಚೀಟಿಯಲ್ಲಿವೆ. ಮೂರನೆಯದಾದ ತೂಕವನ್ನು ನೀವು ತುಂಬಿಕೊಳ್ಳಬೇಕು. ಆದರೆ ಅಕ್ಕನ ಇಪ್ಪತ್ತು ಕೋಳಿಗೆ ಲೆಕ್ಕ ಹಾಕಿ ನೋಡಿ. ಒಟ್ಟು ತೂಕ 30 ಕಿಲೋ ಎನ್ನೋಣ. ದಿನಕ್ಕೆ 30 ಮಿ.ಗ್ರಾಂ, ಅಂದರೆ ಇಡೀ ಹಿಂಡಿಗೆ 0.15 ಮಿ.ಲೀ.! ಸಾವಿರ ಕೋಳಿಗಳ ಶೆಡ್ಡಿನಲ್ಲಿ ಇದು 7.5 ಮಿ.ಲೀ. ಆಗಿ ಸುಲಭವಾಗಿ ಅಳತೆಗೆ ಸಿಗುತ್ತದೆ. ಹಿತ್ತಲಲ್ಲಿ ಸಿಗುವುದಿಲ್ಲ.

ಇಲ್ಲಿದೆ ನೋಡಿ ತೊಂದರೆಯ ಬೇರು. ಔಷಧಿಯ ಸಾರತೆ, ಸೀಸೆಯ ಗಾತ್ರ, ಅಳೆಯುವ ಸಾಧನ ಎಲ್ಲವೂ ಒಂದೋ ದನಕ್ಕೆ, ಇಲ್ಲವೆ ಸಾವಿರ ಕೋಳಿಗಳ ಶೆಡ್ಡಿಗೆ ತಕ್ಕಂತೆ ರೂಪುಗೊಂಡಿವೆ. ಇಪ್ಪತ್ತು ಕೋಳಿ ಸಾಕುವವರು ಇವೆರಡರ ನಡುವೆ ಅಳತೆಗೋಲಿಲ್ಲದೆ ನಿಂತಿದ್ದಾರೆ. ಆ ಖಾಲಿ ಜಾಗವನ್ನು 'ಐದು ಹನಿ' ತುಂಬುತ್ತದೆ. ದಾರಿ ಇಲ್ಲದಿಲ್ಲ. ಮೊದಲು ದುರ್ಬಲಗೊಳಿಸಿ ಆಮೇಲೆ ಅಳೆಯುವುದು ಪ್ರಯೋಗಾಲಯದ ಹಳೆಯ ಉಪಾಯ. ಮೇಲಿನ ಉದಾಹರಣೆಯಲ್ಲಿ 1 ಮಿ.ಲೀ. ಔಷಧಿಗೆ 19 ಮಿ.ಲೀ. ನೀರು ಬೆರೆಸಿ ಚೆನ್ನಾಗಿ ಕುಲುಕಿದರೆ ಮಿ.ಲೀ.ಗೆ 10 ಮಿ.ಗ್ರಾಂ ಆಗುತ್ತದೆ, ಆಗ 30 ಮಿ.ಗ್ರಾಂ ಎಂದರೆ 3 ಮಿ.ಲೀ. ಇದನ್ನು ಸಾಮಾನ್ಯ ಸಿರಿಂಜಿನಿಂದ ಅಳೆಯಬಹುದು. ಯಾವ ಔಷಧಿಯನ್ನು ಹೀಗೆ ಬೆರೆಸಬಹುದು ಎಂಬುದನ್ನು ಪಶುವೈದ್ಯರು ಹೇಳಬೇಕು. ಆದರೆ ಹೇಳುವ ಬರಹದಲ್ಲಿ ಈ ಹೆಜ್ಜೆ ಇರಲೇಬೇಕು.

ಮೊಟ್ಟೆ ತಿನ್ನುವವರ ಪಾಲು

ನಮ್ಮ ಸಾಲು ಮರೆತ ಇನ್ನೊಬ್ಬರಿದ್ದಾರೆ - ಮೊಟ್ಟೆ ತಿನ್ನುವ ಮಗು. ಐವರ್ಮೆಕ್ಟಿನ್ ಕೊಬ್ಬಿನಲ್ಲಿ ಕರಗುವಂಥದು. ಹಾಗಾಗಿ ಮೊಟ್ಟೆಯ ಹಳದಿ ಭಾಗಕ್ಕೆ ಸೇರುತ್ತದೆ. ಮೊಟ್ಟೆ ಇಡುವುದಕ್ಕೆ ಮುಂಚಿನ ಸುಮಾರು ಹತ್ತು ದಿನಗಳಲ್ಲಿ ಹಳದಿ ವೇಗವಾಗಿ ತುಂಬಿಕೊಳ್ಳುತ್ತದೆ. ಆದುದರಿಂದ ಇಂದು ಕೊಟ್ಟ ಔಷಧಿ ಮುಂದಿನ ವಾರದ ಮೊಟ್ಟೆಯಲ್ಲೂ ಇರಬಹುದು. ಆಹಾರ ಕೊಡುವ ಪ್ರಾಣಿಗಳ ಔಷಧಿಗಳ ಮೇಲೆ ಎಷ್ಟು ದಿನ ಕಾಯಬೇಕೆಂದು ನಮೂದಿಸುವುದನ್ನು ನಮ್ಮ ದೇಶದಲ್ಲಿ 2012ರ ಜನವರಿಯಲ್ಲಿ ನಿಯಮಕ್ಕೆ ಸೇರಿಸಲಾಯಿತು. ಅವಧಿ ನಿಗದಿಯಾಗದ ಔಷಧಿಗೆ ಮೊಟ್ಟೆಯ ವಿಷಯದಲ್ಲಿ ಕನಿಷ್ಠ 7 ದಿನ, ಕೋಳಿ ಮಾಂಸಕ್ಕೆ ಕನಿಷ್ಠ 28 ದಿನ. ಇದು ಕನಿಷ್ಠ ಮಿತಿ ಎಂಬುದನ್ನು ಗಮನಿಸಿ.

ಎಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯನ್ನೂ ಆ ಸಾಲು ಕೇಳಲಿಲ್ಲ: ಕಾಯಿಲೆ ಜಂತುಹುಳುವಿನದೇ ಹೌದೆ? ಮರಿಗಳು ಮಂಕಾಗಿ ರಕ್ತಭೇದಿ ಮಾಡಿಕೊಂಡರೆ ಅದು ಕಾಕ್ಸಿಡಿಯೋಸಿಸ್ ಇರಬಹುದು. ಅದನ್ನು ತರುವುದು ಐಮೀರಿಯ ಎಂಬ ಏಕಕೋಶ ಜೀವಿ, ಹುಳುವಲ್ಲ. ಜಂತುನಾಶಕ ಅದನ್ನು ಮುಟ್ಟುವುದೂ ಇಲ್ಲ. ಪಶು ಆಸ್ಪತ್ರೆಗೆ ಸ್ವಲ್ಪ ಹಿಕ್ಕೆ ಒಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿಸಿದರೆ ಎರಡನ್ನೂ ಗುರುತಿಸಬಹುದು.

ಹಳ್ಳಿಯವರಿಗೆ ಅರ್ಥವಾಗುವುದಿಲ್ಲವೆ?

ಇಂಥ ಸಲಹೆ ಬರೆಯುವವರು ಕೊಡುವ ಸಮರ್ಥನೆ ಒಂದೇ: "ಮಿಲಿಗ್ರಾಂ, ಶೇಕಡ ಎಂದರೆ ಹಳ್ಳಿಯ ಹೆಂಗಸರಿಗೆ ಅರ್ಥವಾಗದು, ಸರಳವಾಗಿ ಹೇಳಬೇಕು." ಇದನ್ನು ನಾನು ಒಪ್ಪುವುದಿಲ್ಲ. ದಿನವೂ ಎರಡು ಹೊತ್ತು ಡೇರಿಗೆ ಹಾಲು ಹಾಕಿ, ಫ್ಯಾಟ್ ಎಷ್ಟು ಬಂತೆಂದು ಚೀಟಿ ನೋಡಿ, ದಶಮಾಂಶ ಒಂದು ಕಡಿಮೆಯಾದರೂ ಕಾರ್ಯದರ್ಶಿಯನ್ನು ತರಾಟೆಗೆ ತೆಗೆದುಕೊಳ್ಳುವವರು ಅವರೇ ಅಲ್ಲವೆ? ಶೇಕಡ ಅರ್ಥವಾಗದವರು ಅವರಲ್ಲ. ಸರಳಗೊಳಿಸುವುದು ಬೇರೆ, ಬೇಕಾದುದನ್ನೇ ಬಿಟ್ಟುಬಿಡುವುದು ಬೇರೆ. 'ಐದು ಹನಿ' ಸರಳವಾಗಿಲ್ಲ, ಅಪೂರ್ಣವಾಗಿದೆ.

ಆದುದರಿಂದ ಇನ್ನು ಮುಂದೆ ಯಾರೇ ಕೋಳಿಗೆ ಔಷಧಿ ಹೇಳಲಿ, ನೀವು ಕೇಳಬೇಕಾದುದು ಇಷ್ಟು: ಹುಳು ಇದೆಯೆಂದು ಗೊತ್ತಾದದ್ದು ಹೇಗೆ? ಕಿಲೋಗ್ರಾಮಿಗೆ ಎಷ್ಟು ಮಿ.ಗ್ರಾಂ? ಈ ಸೀಸೆಯಲ್ಲಿ ಮಿ.ಲೀ.ಗೆ ಎಷ್ಟು ಮಿ.ಗ್ರಾಂ? ಎಷ್ಟು ದಿನ ಕೊಡಬೇಕು, ಎಷ್ಟು ದಿನ ಮೊಟ್ಟೆ ಬಿಡಬೇಕು? ಉತ್ತರ ಬಾರದಿದ್ದರೆ ಸೀಸೆಯ ಮುಚ್ಚಳ ತೆಗೆಯಬೇಡಿ. ಇಂಥ ಸಲಹೆ ಬರೆಯುವ ನನ್ನ ಸಹೋದ್ಯೋಗಿಗಳಲ್ಲೂ ವಿನಂತಿ: ಈ ಉತ್ತರಗಳಿಲ್ಲದ ಸಾಲನ್ನು ಅಚ್ಚಿಗೆ ಕಳಿಸಬೇಡಿ.

ಅಕ್ಕ ಈಗ ಒಂದು ತೂಗುತಕ್ಕಡಿ ಕೊಂಡಿದ್ದಾಳೆ. ಕೋಳಿಯನ್ನು ಬಟ್ಟೆಯ ಚೀಲದಲ್ಲಿಟ್ಟು ಕೊಕ್ಕೆಗೆ ತೂಗುಹಾಕಿ, ತೂಕವನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಾಳೆ. ಬದುಕುಳಿದ ಮೂರನೆಯ ಮರಿ ಈಗ ಹೇಂಟೆಯಾಗಿದೆ. ಅದರ ತೂಕ 1 ಕಿಲೋ 350 ಗ್ರಾಂ.