ಮುಂಬಾಗಿಲಿಗೆ ತೋರಣ, ಹಿತ್ತಿಲಿಗೆ ಮುಳ್ಳುಬೇಲಿ

ಕ್ಯಾಲನೂರಿನಲ್ಲಿ ನಮ್ಮ ನೆಂಟರ ಮನೆ. ಹೋದ ಸಲ ಹೋದಾಗ ಕಾಫಿ ಇನ್ನೂ ಆರಿರಲಿಲ್ಲ, ಪಕ್ಕದ ಮನೆ ಹುಡುಗಿ ಲ್ಯಾಪ್‌ಟಾಪ್ ತಬ್ಬಿಕೊಂಡು ಬಂದು ನಿಂತಳು. "ಅಣ್ಣಾ, ನಮ್ಮ ಸಂಘದ ವೆಬ್‌ಸೈಟ್‌ಗೆ ಒಂದು ನೋಟೀಸ್ ಹಾಕಬೇಕು. ಬೆಳಗ್ಗೆಯಿಂದ ಹಾಕ್ತಾನೇ ಇದ್ದೀನಿ. ಸ್ವಲ್ಪ ನೋಡ್ತೀರಾ?"

ನೋಟೀಸ್ ದೊಡ್ಡದೇನಲ್ಲ, ಆರು ಸಾಲು. ಸಂಘದ ವಾರ್ಷಿಕ ಸಭೆ ಯಾವತ್ತು, ಎಲ್ಲಿ, ಎಷ್ಟು ಗಂಟೆಗೆ. ಸದಸ್ಯರ ಮಕ್ಕಳ ಪ್ರತಿಭಾ ಪುರಸ್ಕಾರಕ್ಕೆ ಅಂಕಪಟ್ಟಿ ಕೊಡೋಕೆ ಕಡೇ ದಿನ ಯಾವುದು. ಅಷ್ಟೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಆ ಸೈಟನ್ನು ಕೆಲವು ವರ್ಷಗಳ ಹಿಂದೆ ಕಟ್ಟಿಕೊಟ್ಟವನು ನಾನೇ. ಆದ್ದರಿಂದ ಈ ಬರಹದಲ್ಲಿ ಬೈಸಿಕೊಳ್ಳುವವರ ಸಾಲಿನಲ್ಲಿ ಮೊದಲು ನಿಂತಿರೋದೂ ನಾನೇ.

ಅವತ್ತು ನಾನು ಏನೂ ಹೇಳಿಕೊಡದೆ ಪಕ್ಕದಲ್ಲಿ ಕೂತು ನೋಡಿದೆ. ಕಾರ್ಯದರ್ಶಿಗಳು ಕಚೇರಿಯ ಹಳೇ ಕಂಪ್ಯೂಟರಿನಲ್ಲಿ ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿಸಿದ್ದ ನೋಟೀಸನ್ನು ಹುಡುಗಿ ಕಾಪಿ ಮಾಡಿ ಸೈಟಿನ ಒಳಗಿನ ಪೆಟ್ಟಿಗೆಗೆ ಹಾಕಿದಳು. ಕನ್ನಡ ಬರಲಿಲ್ಲ. ಇಂಗ್ಲಿಷ್ ಅಕ್ಷರಗಳ ತಲೆಗೆ ಟೋಪಿ, ಕಾಲಿಗೆ ಬಾಲ ಕಟ್ಟಿದಂಥ ಏನೋ ಬಂತು. ಆ ಕಾಲದ ಫಾಂಟುಗಳಲ್ಲಿ ಒಳಗೆ ಇರೋದು ಇಂಗ್ಲಿಷಿನ ಸಂಕೇತ, ಮೇಲೆ ಮಾತ್ರ ಕನ್ನಡದ ಮುಖವಾಡ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ನಮ್ಮ ಎಷ್ಟೋ ಕಚೇರಿಗಳ ಕಡತ ಇನ್ನೂ ಆ ಮುಖವಾಡದಲ್ಲೇ ಇದೆ. ಹುಡುಗಿ ಬೇಜಾರು ಮಾಡಿಕೊಳ್ಳಲಿಲ್ಲ. ಫೋನಿನಲ್ಲಿ ಮತ್ತೆ ಟೈಪ್ ಮಾಡಿ, ತನಗೇ ವಾಟ್ಸಪ್ ಮಾಡಿಕೊಂಡು, ಲ್ಯಾಪ್‌ಟಾಪಿನಲ್ಲಿ ತೆಗೆದು ಅಂಟಿಸಿದಳು.

ಆಮೇಲೆ ಪರದೆ ತುಂಬ ಪ್ರಶ್ನೆಗಳು. ಸ್ಲಗ್, ಎಕ್ಸರ್ಪ್ಟ್, ಟ್ಯಾಕ್ಸಾನಮಿ, ಪರ್ಮಾಲಿಂಕ್. ಕೆಲವಕ್ಕೆ ನಾನು ಉತ್ಸಾಹದಿಂದ ಕನ್ನಡ ಹೆಸರನ್ನೂ ಕೊಟ್ಟಿದ್ದೆ: 'ಸಾರಾಂಶೋದ್ಧರಣ', 'ವರ್ಗೀಕರಣ ಪರಿಭಾಷೆ'. "ಇದಕ್ಕಿಂತ ಇಂಗ್ಲಿಷೇ ವಾಸಿ ಅಣ್ಣಾ" ಅಂದಳು, ನಗುತ್ತಲೇ. ಪ್ರಕಟಿಸುವ ಬಟನ್ ಒತ್ತಿದಳು. ಸೈಟಿನ ಮುಖಪುಟ ತೆರೆದರೆ ನೋಟೀಸ್ ಇಲ್ಲ! ವೇಗಕ್ಕೆ ಅಂತ ನಾನು ಹಾಕಿದ್ದ ಕ್ಯಾಶ್ ಹಳೇ ಪುಟವನ್ನೇ ತೋರಿಸುತ್ತಿತ್ತು. ಅವಳಿಗೆ ಅದು ಹೇಗೆ ಗೊತ್ತಾಗಬೇಕು? ಆಗಿಲ್ಲ ಅಂದುಕೊಂಡು ಮತ್ತೆ ಹಾಕಿದಳು, ಮತ್ತೊಂದು ಸಲ ಹಾಕಿದಳು. ಸ್ವಲ್ಪ ಹೊತ್ತಿಗೆ ಒಂದೇ ನೋಟೀಸ್ ಮೂರು ಸಲ. ಅದರ ಮೇಲೆ, ನಾನು 'ಸ್ಟಿಕ್ಕಿ' ಮಾಡಿಟ್ಟಿದ್ದ ಹೋದ ವರ್ಷದ ನೋಟೀಸ್ ಗದ್ದುಗೆ ಬಿಟ್ಟು ಇಳಿದಿರಲಿಲ್ಲ.

ನಲವತ್ತು ನಿಮಿಷ ಆಯ್ತು. ಕೊನೆಗೆ ಅವಳು ತನ್ನ ಮಾಮೂಲಿ ದಾರಿ ಹಿಡಿದಳು: ನೋಟೀಸನ್ನು ಪ್ರಿಂಟ್ ತೆಗೆಸಿ, ಸಹಿ ಸೀಲು ಹಾಕಿಸಿ, ಫೋನಿನಲ್ಲಿ ಫೋಟೋ ಹೊಡೆದು, ಪಿಡಿಎಫ್ ಮಾಡಿ ಏರಿಸೋದು.

ಸರ್ಕಾರಿ ಜಾಲತಾಣಗಳಲ್ಲಿ ಓರೆಯಾಗಿ ಸ್ಕ್ಯಾನ್ ಆದ ಪಿಡಿಎಫ್‌ಗಳನ್ನು ನೋಡಿ ನಾವೆಲ್ಲ ನಕ್ಕಿದ್ದೇವೆ. 'ಇವರಿಗೆ ಕಂಪ್ಯೂಟರ್ ಬರಲ್ಲ' ಅಂತ ಷರಾ ಬರೆದಿದ್ದೇವೆ. ಅವತ್ತು ನನಗೆ ಹೊಳೆದದ್ದು ಬೇರೆ. ಆ ಎಷ್ಟೋ ಪಿಡಿಎಫ್‌ಗಳು ಸೋಮಾರಿತನದಿಂದ ಹುಟ್ಟಿದವಲ್ಲ. ಒಳಗಿನ ಪೆಟ್ಟಿಗೆಯ ಜೊತೆ ಗುದ್ದಾಡಿ ಸೋತವರು ಕಂಡುಕೊಂಡ ಅಡ್ಡದಾರಿ ಅವು.

ಆದರೆ ಆ ಅಡ್ಡದಾರಿಗೆ ಸುಂಕ ಕಟ್ಟುವವರು ಬೇರೆ. ಫೋಟೋ ಪಿಡಿಎಫ್‌ನಲ್ಲಿ ಅಕ್ಷರ ಇರಲ್ಲ, ಅಕ್ಷರದ ಚಿತ್ರ ಇರುತ್ತೆ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಹಚ್ಚಿದರೆ ಅದಕ್ಕೆ ಓದೋಕೆ ಏನೂ ಸಿಗಲ್ಲ. ಸೈಟಿನ ಹುಡುಕುವ ಪೆಟ್ಟಿಗೆಗೂ ಅದು ಕಾಣಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ ನಾಲ್ಕನೇ ಸೆಕ್ಷನ್, ಜನ ಅರ್ಜಿ ಹಾಕುವ ಮೊದಲೇ ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ಮಾಹಿತಿ ಬಿಚ್ಚಿಡಬೇಕು ಅನ್ನುತ್ತೆ. ಹಾಗೆ ಇಡುವಾಗ ಸ್ಥಳೀಯ ಭಾಷೆಯನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು ಅನ್ನುತ್ತೆ. ಹುಡುಕಿದರೆ ಸಿಗದ, ಓದಿಸಿದರೆ ಓದದ ಫೋಟೋ ಏರಿಸಿದರೆ ಆ ಕಾಯ್ದೆಯ ಆಶಯ ಎಲ್ಲಿ ಉಳಿಯಿತು?

ಇನ್ನು ಈ ಸಂಘದ ವಿಷಯಕ್ಕೆ ಬಂದರೆ, ಹೋದ ವರ್ಷ ಒಂದು ಎಡವಟ್ಟು ಆಗಿತ್ತಂತೆ. ಸದಸ್ಯರೊಬ್ಬರ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೇ ಅಂಕ ತೆಗೆದಿದ್ದಳು. ಬೆಂಗಳೂರಿನಲ್ಲಿದ್ದ ಅವಳ ಅಣ್ಣ ಸೈಟು ನೋಡಿ, ಮೇಲುಗಡೆ ಕೂತಿದ್ದ ಹಳೇ ನೋಟೀಸಿನ ತಾರೀಕನ್ನೇ ಹೊಸದು ಅಂದುಕೊಂಡ. ಅಂಕಪಟ್ಟಿ ತಡವಾಗಿ ಬಂತು. ಪುರಸ್ಕಾರದ ಹಣ ಅಷ್ಟಕ್ಕಷ್ಟೆ ಬಿಡಿ. ಊರವರ ಮುಂದೆ ಮೈಕಿನಲ್ಲಿ ಹೆಸರು ಕೂಗ್ತಾರಲ್ಲ, ಆ ಮಗುವಿಗೆ ಅದು ತಪ್ಪಿತು. ಬೈಗುಳ ಬಿದ್ದದ್ದು ಯಾರಿಗೆ? ಸೈಟು ನೋಡಿಕೊಳ್ಳುವ ಈ ಹುಡುಗಿಗೆ. ಸ್ಟಿಕ್ಕಿ ಮಾಡಿಟ್ಟ ನನಗೆ ಒಂದು ಫೋನೂ ಬರಲಿಲ್ಲ.

ನಮ್ಮ ಕಸುಬಿನ ದೊಡ್ಡ ದೋಷ ಇಲ್ಲೇ ಇದೆ. ವೆಬ್‌ಸೈಟ್ ಕಟ್ಟಿಸುವವರು ನೋಡೋದು ಮುಖಪುಟವನ್ನು. ದುಡ್ಡು ಕೊಡೋದು ಅದಕ್ಕೆ, ಉದ್ಘಾಟನೆಯಲ್ಲಿ ಚಪ್ಪಾಳೆ ಬೀಳೋದೂ ಅದಕ್ಕೆ. ಹಿಂದಿನ ಕೋಣೆಯಲ್ಲಿ ದಿನಾ ಕೆಲಸ ಮಾಡುವವರ ಪರದೆಯನ್ನು ಯಾರೂ ಕೇಳಲ್ಲ, ಯಾರೂ ವಿಮರ್ಶೆ ಮಾಡಲ್ಲ. ಮುಂಬಾಗಿಲಿಗೆ ತೋರಣ ಕಟ್ಟಿ, ಅಡುಗೆ ಮಾಡುವವಳು ಓಡಾಡುವ ಹಿತ್ತಿಲಿಗೆ ಮುಳ್ಳುಬೇಲಿ ಹಾಕಿದ ಹಾಗೆ. ಆಮೇಲೆ ಊಟ ತಡವಾಯಿತು ಅಂತ ಅವಳ ಮೇಲೇ ಸಿಡುಕೋದು.

ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂಗಳಿಗೆ ಸಲ್ಲಬೇಕಾದ ಗೌರವ ಸಲ್ಲಿಸಿಯೇ ಮುಂದಿನ ಮಾತು. 2001ರಲ್ಲಿ ದ್ರುಪಲ್ ಬಂತು, 2003ರಲ್ಲಿ ವರ್ಡ್‌ಪ್ರೆಸ್, 2005ರಲ್ಲಿ ಜೂಮ್ಲಾ. ಅದಕ್ಕೂ ಮುಂಚೆ ಒಂದು ತಾರೀಕು ಬದಲಾಯಿಸಬೇಕಾದರೂ ಎಚ್‌ಟಿಎಂಎಲ್ ಬಲ್ಲವನ ಮನೆ ಬಾಗಿಲು ಕಾಯಬೇಕಿತ್ತು. ಕೋಡ್ ಗೊತ್ತಿಲ್ಲದವರೂ ಬರೆಯಬಹುದು ಅನ್ನೋದೇ ಇವುಗಳ ಮೂಲ ಮಾತು. 2005ರಲ್ಲಿ ಹರಿಪ್ರಸಾದ್ ನಾಡಿಗ್ 'ಸಂಪದ'ವನ್ನು ಶುರು ಮಾಡಿ, ದ್ರುಪಲ್ ಮೇಲೆ ಕನ್ನಡದ ದೊಡ್ಡ ಬರೆಯುವ ಬಳಗವೊಂದನ್ನು ಕಟ್ಟಿದ್ದು ಆ ಮಾತಿನ ಬಲದಿಂದಲೇ.

ಆದರೆ ಬರಬರುತ್ತ ಈ ಸಾಫ್ಟ್‌ವೇರ್‌ಗಳ ಕಣ್ಣು ಬರೆಯುವವರಿಂದ ವಿನ್ಯಾಸ ಮಾಡುವವರ ಕಡೆಗೆ ತಿರುಗಿತು. 2018ರ ಡಿಸೆಂಬರ್‌ನಲ್ಲಿ ವರ್ಡ್‌ಪ್ರೆಸ್ 5.0 ಬಂದಾಗ, ಬರೆಯುವ ಒಂದೇ ಪೆಟ್ಟಿಗೆ ಹೋಗಿ ಬ್ಲಾಕ್‌ಗಳ ಎಡಿಟರ್ ಬಂತು. ಪುಟವನ್ನು ತುಂಡು ತುಂಡಾಗಿ ಜೋಡಿಸುವವರಿಗೆ ಅದು ವರ. ಆರು ಸಾಲು ಹಾಕುವವರಿಗೆ? ಅದು ಬರುವ ಎರಡು ತಿಂಗಳ ಮುಂಚೆ, ಅಂಗವಿಕಲರ ಬಳಕೆಯ ಸೌಕರ್ಯ ನೋಡಿಕೊಳ್ಳುವ ತಂಡದ ಮುಂದಾಳು ರಿಯಾನ್ ರೀಟ್‌ವೆಲ್ಡ್ ಅದೇ ಎಡಿಟರ್‌ನ ಕೆಲಸದ ವಿಷಯಕ್ಕೆ ಸ್ಥಾನ ಬಿಟ್ಟರು. ಹಳೇ ಎಡಿಟರನ್ನೇ ವಾಪಸ್ ತರುವ ಪ್ಲಗಿನ್ ಒಂದನ್ನು ವರ್ಡ್‌ಪ್ರೆಸ್‌ನವರೇ ಕೊಡಬೇಕಾಯಿತು.

ನಿಯಮಗಳೇ ಇಲ್ಲ ಅನ್ನೋ ಹಾಗೂ ಇಲ್ಲ. ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ, ಓದುವ ಪುಟಗಳಿಗೆ ಮಾತ್ರ ಅಲ್ಲದೆ ಬರೆಯುವ ಸಾಧನಗಳಿಗೂ 2000ದಲ್ಲೇ ಒಂದು ಮಾರ್ಗಸೂಚಿ ತಂದಿತು. ಎರಡನೇ ಆವೃತ್ತಿ 2015ರಲ್ಲಿ ಬಂತು. ಅದರಲ್ಲಿ ಎರಡು ಭಾಗ: ಬರೆಯುವ ಪರದೆಯನ್ನು ಎಲ್ಲರೂ ಬಳಸುವಂತಿರಬೇಕು; ಮತ್ತು ಎಲ್ಲರೂ ಓದಬಹುದಾದ ಪುಟವನ್ನೇ ತಯಾರಿಸೋಕೆ ಆ ಪರದೆ ಬರೆಯುವವರಿಗೆ ನೆರವಾಗಬೇಕು. ನಾನು ಸೈಟು ಕಟ್ಟುವಾಗ ಇದನ್ನು ಓದಿರಲಿಲ್ಲ. ಓದಿ ಕಟ್ಟುವವರನ್ನು ನೋಡಿರೋದೂ ಕಡಿಮೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಒಂದು ಸುತ್ತು ಕಷ್ಟ. ವರ್ಡ್‌ಪ್ರೆಸ್‌ನದೇ ಉದಾಹರಣೆ ತಗೊಳ್ಳಿ. ಶೀರ್ಷಿಕೆಯಿಂದ ಅದು ತಾನೇ ಪುಟದ ವಿಳಾಸ ತಯಾರಿಸುತ್ತೆ. ಆ ವಿಳಾಸಕ್ಕೆ 200 ಅಕ್ಷರಗಳ ಮಿತಿ. ಇಂಗ್ಲಿಷಿಗೆ ಧಾರಾಳ. ಆದರೆ ಕನ್ನಡದ ಒಂದೊಂದು ಅಕ್ಷರ, ಗುಣಿತದ ಚಿಹ್ನೆ ಕೂಡ ವಿಳಾಸದಲ್ಲಿ 9 ಅಕ್ಷರಗಳಾಗಿ ಹಿಗ್ಗುತ್ತೆ. 'ಕ್ಯಾಲನೂರು' ಅನ್ನೋ ಒಂದು ಹೆಸರಿಗೇ 81 ಖರ್ಚು. 'ಕ್ಯಾಲನೂರು ಸಂಘದ ವಾರ್ಷಿಕ ಸಭೆ' ಅಂತ ಶೀರ್ಷಿಕೆ ಕೊಟ್ಟರೆ 'ಸಭೆ'ಯಲ್ಲಿ ಬರೀ 'ಸ' ಉಳಿದು ಮಿಕ್ಕದ್ದು ಕತ್ತರಿಸಿ ಹೋಗುತ್ತೆ. ವಾಟ್ಸಪ್‌ನಲ್ಲಿ ಅಂಟಿಸಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಹಾವು! ಬಂದ ಲಿಂಕನ್ನು ನೋಡಿ ಯಾರೋ ವೈರಸ್ ಅಂದುಕೊಂಡು ಒತ್ತಲೇ ಇಲ್ಲ ಅಂತ ಹುಡುಗಿ ಹೇಳಿದಳು. ತಪ್ಪೇನೂ ಇಲ್ಲ, ನೋಡೋಕೆ ಹಾಗೇ ಇರುತ್ತೆ.

'ಅಲ್ಲಾರೀ, ಜನ ಸ್ವಲ್ಪ ಕಲಿತುಕೊಳ್ಳಬೇಕು, ತರಬೇತಿ ಕೊಡಿ' ಅನ್ನಬಹುದು. ಇದೇ ಹುಡುಗಿ ಫೋನಿನಲ್ಲಿ ಸಂಘದ ವಾಟ್ಸಪ್ ಗುಂಪು ನಡೆಸ್ತಾಳೆ, ಲೆಕ್ಕ ಇಡ್ತಾಳೆ, ಕನ್ನಡ ತೆಲುಗು ಎರಡರಲ್ಲೂ ಸಲೀಸಾಗಿ ಉತ್ತರ ಕೊಡ್ತಾಳೆ. ಅಲ್ಲಿ ಯಾವ ತರಬೇತಿ ಕೊಟ್ಟವರಿದ್ದಾರೆ? ಒಂದು ಪೆಟ್ಟಿಗೆ, ಒಂದು ಬಾಣ, ಹೋದದ್ದಕ್ಕೆ ಗುರುತು. 'ಹಾಗಾದ್ರೆ ವಾಟ್ಸಪ್ಪೇ ಸಾಕು, ವೆಬ್‌ಸೈಟ್ ಯಾಕೆ' ಅಂತಲೂ ಕೇಳಬಹುದು. ವಾಟ್ಸಪ್ ಸಂದೇಶ ಮಳೆಗಾಲದ ಕಾಲುವೆ ನೀರಿನ ಹಾಗೆ, ಬೆಳಗಾಗೋದರಲ್ಲಿ ಹರಿದುಹೋಗಿರುತ್ತೆ. ಗುಂಪಿನ ಹೊರಗಿದ್ದವರಿಗಂತೂ ಕಾಣೋದೇ ಇಲ್ಲ. ಯಾರು ಯಾವಾಗ ಬಂದು ಹುಡುಕಿದರೂ ಸಿಗೋದು ಕೆರೆ ನೀರು. ವೆಬ್‌ಸೈಟ್ ಕೆರೆ ಆಗಬೇಕು.

ಏನು ಮಾಡಬಹುದು? ಉತ್ತರ ಬಹಳ ದೂರ ಇಲ್ಲ. ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆಗೆ ಹೋಗಿ ನೋಡಿ. ಮಂಡಿಯಲ್ಲಿ ಚೀಟಿ ಬರೆಯುವವರು ರೈತನ ಹೆಸರು, ಎಷ್ಟು ಬಾಕ್ಸ್, ಏನು ರೇಟು ಅಂತ ಗೀಚಿ ಕೊಡ್ತಾರೆ. ಆ ಕೆಲಸಕ್ಕೆ ಬೇಕಾದ ಮನೆಗಳು ಮಾತ್ರ ಆ ಚೀಟಿಯಲ್ಲಿರುತ್ತವೆ. ನೋಟೀಸ್ ಹಾಕುವ ಪರದೆಯೂ ಹಾಗೇ ಇರಲಿ: ಏನು, ಯಾವತ್ತು, ಎಲ್ಲಿ, ಕಡೇ ದಿನ. ಇಂಥ ಪ್ರತ್ಯೇಕ ಮನೆಗಳ ಫಾರಂ ಮಾಡೋದು ದ್ರುಪಲ್, ವರ್ಡ್‌ಪ್ರೆಸ್ ಎರಡರಲ್ಲೂ ಸಾಧ್ಯ. ಕಡೇ ದಿನ ಬೇರೆ ಮನೆಯಲ್ಲಿದ್ದರೆ, ಅದು ದಾಟಿದ ಮೇಲೆ ನೋಟೀಸ್ ತಾನೇ ಹಳೇದರ ಪಟ್ಟಿಗೆ ಇಳಿಯುವ ಹಾಗೂ ಮಾಡಬಹುದು. ಆ ಮಗುವಿನ ಹೆಸರು ಕೂಗಿಸೋಕೆ ಅಷ್ಟೇ ಸಾಕಿತ್ತು.

ಕೀಲಿಮಣೆ ಪೆಟ್ಟಿಗೆಯೊಳಗೇ ಇರಲಿ. ಕನ್ನಡ ವಿಕಿಪೀಡಿಯದಲ್ಲಿ ಬರೆಯುವವರು ಲಿಪ್ಯಂತರಣವೋ, ಇನ್‌ಸ್ಕ್ರಿಪ್ಟೋ, ನುಡಿಯ ವಿನ್ಯಾಸವೋ ತಮಗೆ ಬೇಕಾದ್ದನ್ನು ಅಲ್ಲೇ ಆರಿಸಿಕೊಳ್ಳಬಹುದು. ಅದರ ಹಿಂದಿರುವ ತಂತ್ರಾಂಶ ಮುಕ್ತವಾಗಿದೆ, ಯಾರು ಬೇಕಾದರೂ ತಗೊಂಡು ಜೋಡಿಸಬಹುದು. ಹಳೇ ನುಡಿ ಪಠ್ಯ ಅಂಟಿಸಿದರೆ 'ಇದು ಹಳೇ ಫಾಂಟ್, ಬದಲಾಯಿಸಲೇ?' ಅಂತ ಪೆಟ್ಟಿಗೆಯೇ ಕೇಳಲಿ. ಪರಿವರ್ತಕಗಳು ಇದ್ದೇ ಇವೆ. ಬಟನ್ ಒತ್ತಿದ ಮೇಲೆ 'ಹಾಕಿದ್ದಾಯ್ತು, ಇಲ್ಲಿ ನೋಡಿ' ಅಂತ ನಿಜವಾದ ಪುಟವನ್ನೇ ತೋರಿಸಲಿ. ಯಾಕೋಬ್ ನೀಲ್ಸನ್ 1994ರಲ್ಲಿ ಪಟ್ಟಿ ಮಾಡಿದ 10 ಸೂತ್ರಗಳಲ್ಲಿ ಮೊದಲನೆಯದೇ ಇದು: ಒಳಗೆ ಏನು ನಡೀತಿದೆ ಅನ್ನೋದು ಬಳಸುವವರಿಗೆ ಕಾಣಬೇಕು. ಎರಡನೆಯದು, ಬಳಸುವವರ ಮಾತಿನಲ್ಲೇ ಮಾತಾಡಬೇಕು. ನನ್ನ 'ಸಾರಾಂಶೋದ್ಧರಣ' ಅಲ್ಲೇ ನಪಾಸು.

ಇದಕ್ಕೆಲ್ಲ ದೊಡ್ಡ ಪ್ರಯೋಗಾಲಯ ಬೇಡ. ಐದು ಜನರನ್ನು ಕೂರಿಸಿ ನೋಡಿದರೆ ಬಹುಪಾಲು ತೊಡಕು ಬಯಲಾಗುತ್ತೆ ಅಂತ ಅದೇ ನೀಲ್ಸನ್ 2000ದಲ್ಲಿ ವಾದಿಸಿದ್ದರು. ಐದರ ಲೆಕ್ಕದ ಬಗ್ಗೆ ಆಮೇಲೆ ತಕರಾರುಗಳೂ ಬಂದಿವೆ. ಇರಲಿ. ಸೊನ್ನೆಗಿಂತ ಒಂದು ವಾಸಿ. ಹಳ್ಳಿಯ ಸಂಘಕ್ಕೋ ಪಂಚಾಯಿತಿಗೋ ಶಾಲೆಗೋ ಸೈಟು ಕಟ್ಟಿಸುವವರು ಮುಖಪುಟ ನೋಡಿ ಬಿಲ್ ಪಾಸು ಮಾಡಬೇಡಿ. ಅದನ್ನು ನೋಡಿಕೊಳ್ಳಬೇಕಾದವರನ್ನು ಕೂರಿಸಿ, ಅವರ ಕೈಲಿ ಒಂದು ನೋಟೀಸ್ ಹಾಕಿಸಿ. ಯಾರ ಸಹಾಯವೂ ಇಲ್ಲದೆ ಹಾಕಿದರೆ ಮಾತ್ರ ದುಡ್ಡು ಕೊಡಿ.

ಅವತ್ತು ರಾತ್ರಿ ಅಲ್ಲೇ ಉಳಿದು ನಾನು ಕೆಲಸಕ್ಕೆ ಕೂತೆ. ಎಡಗಡೆಯ ಪಟ್ಟಿಯಲ್ಲಿದ್ದ ಹತ್ತಾರು ಬಟನ್‌ಗಳನ್ನು ಮರೆಮಾಡಿ ಮೂರು ಉಳಿಸಿದೆ. ನಾಲ್ಕು ಮನೆಗಳ ಫಾರಂ ಮಾಡಿದೆ. ವಿಳಾಸ ಶೀರ್ಷಿಕೆಯಿಂದ ಹುಟ್ಟದೆ ಬರೀ ಸಂಖ್ಯೆಯಾಗಿ ಬರೋ ಹಾಗೆ ಬದಲಾಯಿಸಿದೆ. ಬೆಳಗ್ಗೆ ಹುಡುಗಿಯನ್ನು ಕರೆದು, ಮತ್ತೆ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತೆ. ಮೂರು ನಿಮಿಷದಲ್ಲಿ ನೋಟೀಸ್ ಹಾಕಿದಳು. ನನಗೆ ಒಳಗೊಳಗೇ ಹೆಮ್ಮೆ.

ಆಗ ಅವಳು ತಿರುಗಿ ಕೇಳಿದಳು: "ಅಣ್ಣಾ, ನಿನ್ನೆ ಮೂರು ಸಲ ಹಾಕಿದ್ನಲ್ಲ, ಅದನ್ನ ಅಳಿಸೋದು ಎಲ್ಲಿ?"

ಅಳಿಸುವ ಬಟನನ್ನೂ ಮರೆಮಾಡಿಬಿಟ್ಟಿದ್ದೆ.